ಬೀಗದ ಪಿಕ್‌ನ ಹಿಡಿ

ಬೀಗದ ಪಿಕ್‌ನ ಹಿಡಿ ಎಂದರೆ, ಕೀಲಿಕೈ ಇಲ್ಲದೆ ಬೀಗ ತೆರೆಯಲು ಬಳಸುವ ತೆಳು ಉಕ್ಕಿನ ಕಡ್ಡಿಯ ಹಿಂಭಾಗಕ್ಕೆ ಬೆರಳುಗಳ ಹಿಡಿತಕ್ಕಾಗಿ ಸುತ್ತುವ, ತೊಡಿಸುವ ಇಲ್ಲವೆ ಅಂಟಿಸುವ ಭಾಗ. ಕಾರ್ಖಾನೆಯಲ್ಲಿ ಸಿದ್ಧವಾಗುವ ಪಿಕ್‌ಗಳಲ್ಲಿ ಹಲವಕ್ಕೆ ರಬ್ಬರು, ಪ್ಲಾಸ್ಟಿಕ್ ಅಥವಾ ಉಕ್ಕಿನ ಹಿಡಿ ಇರುತ್ತದೆ. ಬಿಡಿಯಾಗಿ ಕೊಂಡವು, ಮೊನೆ ಮುರಿದ ಮೇಲೆ ಮತ್ತೆ ಅರ ಹಾಕಿ ರೂಪಿಸಿದವು, ಹ್ಯಾಕ್ಸಾ ಬ್ಲೇಡು ಅಥವಾ ಕಾರಿನ ವೈಪರ್ ಪಟ್ಟಿಯಂಥ ಹಳೆಯ ಉಕ್ಕಿನಿಂದ ಮನೆಯಲ್ಲೇ ಮಾಡಿಕೊಂಡವು ಮಾತ್ರ ಬರಿಯ ತಗಡಾಗಿ ಉಳಿಯುತ್ತವೆ. ಇಂಥ ಬಿಡಿ ಪಿಕ್‌ಗಳಿಗೆ ಸುಲಭವಾಗಿ ಸಿಗುವ ಸಾಮಗ್ರಿಯಿಂದ ಬಳಸುವವರೇ ಮಾಡಿಕೊಳ್ಳುವ ಹಿಡಿಯನ್ನು ಇಲ್ಲಿ ಸ್ವನಿರ್ಮಿತ ಹಿಡಿ ಎಂದು ಕರೆಯಲಾಗಿದೆ.

ಪಿಕ್‌ನಲ್ಲಿ ಮೂರು ಭಾಗಗಳಿವೆ. ಬೀಗದೊಳಗಿನ ಪಿನ್ನುಗಳನ್ನು ಮುಟ್ಟುವ ತುದಿ ಮೊನೆ; ಕೀಲಿ ಕಿಂಡಿಯೊಳಗೆ ಓಡಾಡುವ ಸಪೂರ ಭಾಗ ದಂಡ; ಹಿಡಿಯ ಒಳಗೆ ಅಡಗುವ ಅಗಲವಾದ ಭಾಗ ಬಾಲ. ಪಿಕ್‌ನ ಜೊತೆಗೆ ಬೀಗದ ಸಿಲಿಂಡರಿಗೆ ತಿರುಚುವ ಬಲ ಕೊಡಲು ಬಳಸುವ ಬಾಗಿದ ಪಟ್ಟಿಗೆ ಟೆನ್ಷನ್ ರೆಂಚ್ ಎಂದು ಹೆಸರು.

ಹಿನ್ನೆಲೆ

ಹಿಡಿಯ ಅಗತ್ಯ ಹುಟ್ಟಿದ್ದು ಬೀಗದ ಕಿಂಡಿ ಕಿರಿದಾದ ಕಾರಣದಿಂದ. 19ನೆಯ ಶತಮಾನದ ನಡುಭಾಗದವರೆಗೆ ಯುರೋಪು, ಅಮೆರಿಕಗಳ ಬಾಗಿಲುಗಳಲ್ಲಿ ಹೆಚ್ಚಾಗಿ ಇದ್ದದ್ದು ದೊಡ್ಡ ಕೀಲಿಯ ಬೀಗಗಳು. ಕಿಂಡಿ ವಿಶಾಲವಾಗಿದ್ದರಿಂದ ದಪ್ಪ ಕಬ್ಬಿಣದ ಸಲಾಕೆಯನ್ನು ಬಗ್ಗಿಸಿದರೆ ಸಾಕಿತ್ತು. ಅದರ ಇನ್ನೊಂದು ತುದಿಯನ್ನೇ ಉಂಗುರದಂತೆ ತಿರುಗಿಸಿಕೊಂಡರೆ ಹಿಡಿಯೂ ಆಗುತ್ತಿತ್ತು. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗವನ್ನು ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಕಾಲದಲ್ಲಿ ತೆರೆದದ್ದು ಪ್ರಸಿದ್ಧ. 16 ದಿನಗಳಲ್ಲಿ ಹಂಚಿಕೊಂಡ 51 ಗಂಟೆಗಳ ಆ ಕೆಲಸಕ್ಕೆ ಅವರು ಬಳಸಿದ್ದು ಆ ಬೀಗಕ್ಕೆಂದೇ ಮಾಡಿಸಿದ ಸಲಕರಣೆಗಳನ್ನು.

ಲೈನಸ್ ಯೇಲ್ ಹಿರಿಯರು 1848ರಲ್ಲಿ ಪಿನ್ ಟಂಬ್ಲರ್ ಬೀಗಕ್ಕೆ ಪೇಟೆಂಟ್ ಪಡೆದರು. ಅವರ ಮಗ 1860ರ ದಶಕದಲ್ಲಿ ಅದನ್ನು ಚಪ್ಪಟೆ ಕೀಲಿಯ ಸಣ್ಣ ಸಿಲಿಂಡರಾಗಿ ಮಾರ್ಪಡಿಸಿದರು. ಇಂದು ಮನೆ, ಕಚೇರಿಗಳಲ್ಲಿ ಕಾಣುವ ಸಣ್ಣ ಕೀಲಿಯ ಬೀಗಗಳಲ್ಲಿ ಬಹುಪಾಲು ಇದೇ ವಂಶದವು. ಕಿಂಡಿ ಸೀಳಿನಂತೆ ಕಿರಿದಾಗಿ, ಅಂಕುಡೊಂಕಾಗಿ ಬದಲಾದದ್ದರಿಂದ ಒಳಗೆ ಹೋಗಬೇಕಾದ ಪಿಕ್ ತಗಡಿನಷ್ಟು ತೆಳುವಾಗಲೇಬೇಕಾಯಿತು. ಅದೇ ತೆಳು ತಗಡನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದಿರುವುದು ಕಷ್ಟ. ಹಿಡಿಯ ಪ್ರಶ್ನೆ ಎದ್ದದ್ದು ಇಲ್ಲಿಂದ.

ಭಾರತದಲ್ಲಿ ಈ ಪ್ರಶ್ನೆ ತುಸು ಬೇರೆ ರೂಪದಲ್ಲಿದೆ. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಬೀಗ ತಯಾರಿಕೆ, ಅಲಿಗಢದ ಬೀಗದ ಉದ್ಯಮ ಇವೆರಡರಿಂದಲೂ ದೇಶದ ಮನೆ ಮನೆಗೆ ಬಂದ ನೇತುಬೀಗಗಳಲ್ಲಿ ಬಹಳಷ್ಟು ಲೀವರ್ ಮಾದರಿಯವು. ಲೀವರ್ ಬೀಗದ ಕಿಂಡಿ ಅಗಲ. ಅದಕ್ಕೆ ಬೇಕಾದ ಸಲಕರಣೆ ಗಟ್ಟಿ ತಂತಿಯದು. ಅದರ ಹಿಡಿಯ ಕೆಲಸ ಮುಖ್ಯವಾಗಿ ತಿರುಚುವ ಬಲ ಕೊಡುವುದು. ಬೆಂಗಳೂರು, ಮೈಸೂರಿನಂಥ ಊರುಗಳ ಮಾರುಕಟ್ಟೆಯ ಪಕ್ಕ, ಖಾಲಿ ಕೀಲಿಗಳ ಗೊಂಚಲು ತೂಗುಹಾಕಿಕೊಂಡು ಕೂರುವ ಕೀಲಿ ಮಾಡುವವರ ಮುಖ್ಯ ಆಯುಧ ಪಿಕ್ ಅಲ್ಲ, ಅರ. ಖಾಲಿ ಕೀಲಿಯನ್ನು ಬೀಗದಲ್ಲಿಟ್ಟು ತಿರುಚಿ, ಅದರ ಮೇಲೆ ಮೂಡಿದ ಗುರುತು ನೋಡಿ ಉಜ್ಜುತ್ತ ಹೋಗುವುದು ಅವರ ವಿದ್ಯೆ. ಅಂಗಡಿಯಲ್ಲಿ ಸಿಗುವ ಅರವೂ ಸಾಮಾನ್ಯವಾಗಿ ಮೊನಚು ಬಾಲದೊಂದಿಗೆ ಹಿಡಿಯಿಲ್ಲದೆ ಬರುತ್ತದೆ. ಹಿಡಿಯನ್ನು ಬೇರೆಯಾಗಿ ಕೊಳ್ಳಬೇಕು, ಇಲ್ಲವೆ ಮಾಡಿಕೊಳ್ಳಬೇಕು. ಪಿಕ್‌ಗೆ ಹಿಡಿ ಹಾಕುವ ವಿಧಾನಗಳಲ್ಲಿ ಹಲವು ಹೀಗೆ ಅರ, ಉಳಿ, ಚಾಕುಗಳಿಗೆ ಹಿಡಿ ಹಾಕುವ ಹಳೆಯ ಕಸುಬಿನಿಂದಲೇ ಬಂದಿವೆ.

ಬೀಗ ತೆರೆಯುವುದು ಕಸುಬುದಾರರ ವಲಯದಿಂದ ಹವ್ಯಾಸಿಗಳ ಕೈಗೆ ದಾಟಿದ ಮೇಲೆ ಸ್ವನಿರ್ಮಿತ ಹಿಡಿಗಳ ವೈವಿಧ್ಯ ಹೆಚ್ಚಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆಸರಿನಿಂದ ಪ್ರಚಾರಕ್ಕೆ ಬಂದ, 1991ರಲ್ಲಿ ಗುಪ್ತನಾಮದಲ್ಲಿ ಹೊರಬಂದ ಬೀಗವಿದ್ಯೆಯ ಕೈಪಿಡಿ, ರಸ್ತೆ ಗುಡಿಸುವ ಯಂತ್ರದ ಉಕ್ಕಿನ ಎಳೆಗಳಿಂದ ಪಿಕ್ ಮಾಡುವುದನ್ನು ವಿವರಿಸಿತು. ಹಿಡಿ ಕೈಗೆ ಹಿತವಾಗಿರಬೇಕು, ದಂಡ ಪಿನ್ನುಗಳಿಗೆ ತಗಲದಷ್ಟು ಸಪೂರವಿರಬೇಕು, ಆದರೆ ಸ್ಪ್ರಿಂಗಿನಂತೆ ಬಳುಕಿ ಸ್ಪರ್ಶವನ್ನು ನುಂಗುವಷ್ಟು ಸಪೂರವಾಗಬಾರದು ಎಂಬ ಅದರ ಸೂತ್ರ ಇಂದಿಗೂ ಮಾನ್ಯ. ಜರ್ಮನಿಯಲ್ಲಿ 1997ರಲ್ಲಿ ಹವ್ಯಾಸಿಗಳ ಸಂಘ ಸ್ಥಾಪನೆಯಾಯಿತು. ನೆದರ್‌ಲ್ಯಾಂಡ್ಸ್, ಅಮೆರಿಕಗಳಲ್ಲಿ ಟೂಲ್ ಎಂಬ ಸಂಘಟನೆ ಬೆಳೆಯಿತು. ಬೀಗ ತೆರೆಯುವುದು ಸ್ಪರ್ಧೆಯ ಕ್ರೀಡೆಯಾದಾಗ, ಗಂಟೆಗಟ್ಟಲೆ ನೋಯದೆ ಹಿಡಿಯಬಹುದಾದ ಪಿಕ್ ಬೇಕೆಂಬುದು ಸಹಜವಾದ ಬೇಡಿಕೆಯಾಯಿತು.

ಹಿಡಿಯ ಕೆಲಸ

ಪಿನ್ ಟಂಬ್ಲರ್ ಬೀಗಕ್ಕೆ ಮಾರುವ ಪಿಕ್‌ಗಳ ತಗಡಿನ ದಪ್ಪ ಸಾಮಾನ್ಯವಾಗಿ 0.38, 0.46 ಅಥವಾ 0.64 ಮಿ.ಮೀ. ಅರ್ಧ ಮಿ.ಮೀ ದಪ್ಪದ ತಗಡಿನ ಅಂಚು 40 ಮಿ.ಮೀ ಉದ್ದಕ್ಕೆ ಬೆರಳಿಗೆ ಒತ್ತಿಕೊಂಡಿದೆ ಎಂದುಕೊಂಡರೆ ತಾಗುವ ಜಾಗ 20 ಚದರ ಮಿ.ಮೀ ಮಾತ್ರ. ಅದೇ ಅಂಚಿಗೆ 6 ಮಿ.ಮೀ ದಪ್ಪದ ಹಿಡಿ ಬಂದರೆ ಜಾಗ 240 ಚದರ ಮಿ.ಮೀ ಆಗುತ್ತದೆ. ಬಲ ಅಷ್ಟೇ ಇದ್ದರೂ ಚರ್ಮದ ಮೇಲಿನ ಒತ್ತಡ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆರಳಿನ ಮೇಲೆ ಗೆರೆ ಬೀಳುವುದು, ಜೋಮು ಹಿಡಿಯುವುದು ತಪ್ಪುತ್ತದೆ. ಜೋಮು ಹಿಡಿದ ಬೆರಳಿಗೆ ಸೂಕ್ಷ್ಮ ಸ್ಪರ್ಶ ತಿಳಿಯುವುದಿಲ್ಲವಾದ್ದರಿಂದ ಇದು ಸುಖದ ಪ್ರಶ್ನೆ ಮಾತ್ರವಲ್ಲ, ಕೆಲಸದ ಪ್ರಶ್ನೆಯೂ ಹೌದು.

ಹಿಡಿಯ ಎರಡನೆಯ ಕೆಲಸ ಸುದ್ದಿ ಮುಟ್ಟಿಸುವುದು. ಪಿನ್ನು ತನ್ನ ಮಟ್ಟಕ್ಕೆ ಕೂತಾಗ ಆಗುವ ಸಣ್ಣ ಟಿಕ್ ಎಂಬ ಅದಿರು, ಒತ್ತಿದಾಗ ಸ್ಪ್ರಿಂಗ್ ಕೊಡುವ ಎದುರೊತ್ತು ಇವೆರಡೂ ಮೊನೆಯಿಂದ ದಂಡಕ್ಕೆ, ದಂಡದಿಂದ ಬಾಲಕ್ಕೆ ಸಾಗಿ ಬೆರಳನ್ನು ತಲುಪಬೇಕು. ಈ ದಾರಿಯಲ್ಲಿ ಮೆತ್ತನೆಯ ಪದಾರ್ಥ ದಪ್ಪವಾಗಿದ್ದಷ್ಟೂ ಅದಿರು ಅಲ್ಲೇ ಉಡುಗುತ್ತದೆ. ಹಿಡಿಯ ಎರಡು ಗುಣಗಳ ನಡುವಿನ ಈ ಎಳೆದಾಟ ಸ್ವನಿರ್ಮಿತ ಹಿಡಿಗಳ ವಿನ್ಯಾಸದ ಕೇಂದ್ರ ವಿಷಯ. ದಪ್ಪ ಸ್ಪಂಜು ಸುತ್ತಿದ ಪಿಕ್ ಕೈಗೆ ಹಿತವಾದರೂ ಕಿವುಡಾಗಿರುತ್ತದೆ. ಉಕ್ಕಿಗೆ ಬಿಗಿಯಾಗಿ ಕಚ್ಚಿಕೊಂಡ ಗಟ್ಟಿ ಒಡಲು, ಅದರ ಮೇಲೆ ಜಾರದಂತೆ ತೆಳುವಾದ ಮೆತ್ತನೆಯ ಪದರ ಇರುವ ಹಿಡಿ ಎರಡೂ ಗುಣಗಳನ್ನು ಚೆನ್ನಾಗಿ ಹೊಂದಿಸುತ್ತದೆ. ತೋರುಬೆರಳಿನ ತುದಿ ನೇರವಾಗಿ ದಂಡದ ಬುಡವನ್ನು ಮುಟ್ಟುವಂತೆ ಹಿಡಿಯನ್ನು ತುಸು ಹಿಂದಕ್ಕೆ ನಿಲ್ಲಿಸುವುದೂ ರೂಢಿಯಲ್ಲಿದೆ.

ಹಿಡಿ ಬಾಲದ ಮೇಲೆ ಕೂದಲಷ್ಟೂ ಅಲುಗಬಾರದು. ಸಡಿಲ ಹಿಡಿ ಹುಟ್ಟಿಸುವ ಟಿಕ್ ಶಬ್ದ ಪಿನ್ನಿನದೇ ಎಂಬ ಭ್ರಮೆ ಕೊಡುತ್ತದೆ.

ಬಾಲದ ಸಿದ್ಧತೆ

ಯಾವ ಬಗೆಯ ಹಿಡಿಯಾದರೂ ಬಾಲವನ್ನು ಮೊದಲು ಸಜ್ಜು ಮಾಡಬೇಕು. ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದು, ಎರಡೂ ಮೈಯನ್ನು ಒರಟು ಮರಳು ಕಾಗದದಿಂದ ಉಜ್ಜಿ, ಎಣ್ಣೆಯ ಪಸೆಯನ್ನು ಸ್ಪಿರಿಟ್ಟು ಅಥವಾ ಥಿನ್ನರಿನಿಂದ ಒರೆಸಲಾಗುತ್ತದೆ. ನುಣುಪಾದ ಉಕ್ಕನ್ನು ಅಂಟು ಕಚ್ಚುವುದಿಲ್ಲ. ದಂಡದ ವಿಷಯ ಇದಕ್ಕೆ ತದ್ವಿರುದ್ಧ: ಅದು ಕನ್ನಡಿಯಷ್ಟು ನುಣುಪಾಗಿರಬೇಕಾದ್ದರಿಂದ ಕೆಲಸ ಮುಗಿಯುವವರೆಗೆ ಅದರ ಮೇಲೆ ಟೇಪು ಸುತ್ತಿಡುತ್ತಾರೆ.

ಅಂಟಿನ ಜೊತೆಗೆ ಯಾಂತ್ರಿಕವಾದ ಕಚ್ಚೂ ಬೇಕು. ಬಾಲದ ಅಂಚಿನಲ್ಲಿ ಎರಡು ಮೂರು ಕಚ್ಚುಗಳನ್ನು ಕೊರೆದರೆ ಅಥವಾ ತೂತು ಮಾಡಿದರೆ, ಅಂಟು ಅದರೊಳಗೆ ಇಳಿದು ಗಟ್ಟಿಯಾಗಿ ಹಿಡಿ ಕಳಚದಂತೆ ತಡೆಯುತ್ತದೆ. ಹದ ಕೊಟ್ಟ ಸ್ಪ್ರಿಂಗ್ ಉಕ್ಕನ್ನು ಸಾಧಾರಣ ಡ್ರಿಲ್ ಬಿಟ್ಟು ಕೊರೆಯದು. ಕಾರ್ಬೈಡ್ ಬಿಟ್ಟು ಬೇಕು. 300 ಮಿ.ಮೀ ಉದ್ದದ ಕೈ ಹ್ಯಾಕ್ಸಾ ಬ್ಲೇಡಿನ ಎರಡೂ ತುದಿಯಲ್ಲಿ ತೂತು ಮೊದಲೇ ಇರುವುದರಿಂದ, ಬ್ಲೇಡನ್ನು ನಡುವೆ ಮುರಿದು ಮಾಡಿದ ಎರಡು ಪಿಕ್‌ಗಳಿಗೂ ಈ ಶ್ರಮ ಉಳಿಯುತ್ತದೆ. ಸುಮಾರು 12.5 ಮಿ.ಮೀ ಇರುವ ಅದರ ಅಗಲ ಹಿಡಿಗೆ ಒಳ್ಳೆಯ ಬಾಲವೂ ಆಗುತ್ತದೆ. ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಬೇಕು.

ಶಾಖದ ವಿಷಯದಲ್ಲಿ ಎಚ್ಚರ ಅಗತ್ಯ. ಇಂಗಾಲದ ಉಕ್ಕು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹುಲ್ಲಿನ ಹಳದಿಗೂ, 300ರ ಸುಮಾರಿಗೆ ನೀಲಿಗೂ ತಿರುಗುತ್ತದೆ. ಕೊಟ್ಟಿದ್ದ ಹದ ಇಳಿಯುತ್ತಿರುವುದರ ಗುರುತು ಅದು. ಇನ್ನೂ ಕಾಯಿಸಿದರೆ ಪಿಕ್ ಬಳುಕಿ ಹಿಂತಿರುಗುವ ಬದಲು ಬಾಗಿದಂತೆಯೇ ಉಳಿಯುತ್ತದೆ. ಹಳ್ಳಿಯ ಕಮ್ಮಾರಿಕೆಯಲ್ಲಿ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಗೆ ಸುಟ್ಟು ಕೂರಿಸುವ ಪದ್ಧತಿ ದಪ್ಪನೆಯ ಕತ್ತಿ, ಉಳಿಗಳಿಗೆ ಸರಿಯಾದರೂ ಪಿಕ್‌ಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಅರ್ಧ ಮಿ.ಮೀ ತಗಡಿನಲ್ಲಿ ಬಾಲದ ಶಾಖ ಕ್ಷಣದಲ್ಲಿ ದಂಡಕ್ಕೆ ಹರಿದುಬಿಡುತ್ತದೆ.

ಬಗೆಗಳು

ಸುತ್ತು ಹಿಡಿ. ಎಲ್ಲಕ್ಕಿಂತ ಸರಳವಾದದ್ದು. ಇನ್ಸುಲೇಷನ್ ಟೇಪು, ಬಟ್ಟೆಯ ಟೇಪು, ನೈಲಾನ್ ದಾರ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಚೆನ್ನಾಗಿ ಎಳೆದು, ಅರ್ಧರ್ಧ ಮೇಲೇರುವಂತೆ ಸುತ್ತಿ, ತುದಿಯನ್ನು ಕೊನೆಯ ಸುತ್ತಿನ ಕೆಳಗೆ ಸಿಕ್ಕಿಸಿದರೆ ಅಂಟಿಲ್ಲದೆಯೇ ನಿಲ್ಲುತ್ತದೆ. ಟೇಪಿನ ದೊಡ್ಡ ದೋಷ ಬೇಸಗೆಯಲ್ಲಿ ಗೋಂದು ಕರಗಿ ಕೈಗೆ ಮೆತ್ತುವುದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ತೇವದ ಗಾಳಿಯಲ್ಲಿ, ಸುತ್ತಿನ ಒಳಗೆ ತಂಗಿದ ಪಸೆಯಿಂದ ಇಂಗಾಲದ ಉಕ್ಕಿನ ಬಾಲ ಹೊರಗೆ ಕಾಣದಂತೆ ತುಕ್ಕು ಹಿಡಿಯುತ್ತದೆ.

ಕುಗ್ಗುವ ಕೊಳವೆಯ ಹಿಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೀಟ್ ಶ್ರಿಂಕ್ ಎಂದು ಕೇಳಿದರೆ ಸಿಗುವ, ತಂತಿಯ ಬೆಸುಗೆ ಮುಚ್ಚಲು ಬಳಸುವ ಪಾಲಿಓಲೆಫಿನ್ ಕೊಳವೆ ಬಿಡಿ ಪಿಕ್‌ಗಳ ಹಿಡಿಗೆ ಅತ್ಯಂತ ಜನಪ್ರಿಯ ಸಾಮಗ್ರಿ. ವಿಕಿರಣದಿಂದ ಪ್ಲಾಸ್ಟಿಕ್‌ನ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದು, ಬಿಸಿಯಲ್ಲಿ ಹಿಗ್ಗಿಸಿ ತಣಿಸಿಟ್ಟ ಕೊಳವೆ ಇದು. ಮತ್ತೆ ಬಿಸಿ ತಾಗಿದಾಗ ಹಳೆಯ ಅಳತೆಗೆ ಮರಳುತ್ತದೆ. ಈ ತಂತ್ರವನ್ನು ಉದ್ಯಮವಾಗಿ ಬೆಳೆಸಿದ್ದು 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ರೇಕೆಮ್ ಕಂಪನಿ. ಸಾಮಾನ್ಯ ಕೊಳವೆ ತನ್ನ ವ್ಯಾಸದ ಅರ್ಧಕ್ಕೆ, ಕೆಲವು ಬಗೆ ಮೂರನೆಯ ಒಂದು ಪಾಲಿಗೆ ಕುಗ್ಗುತ್ತವೆ. ಕುಗ್ಗಲು ಬೇಕಾದ ಶಾಖ ಸುಮಾರು 90ರಿಂದ 120 ಡಿಗ್ರಿ. ಉಕ್ಕಿನ ಹದಕ್ಕೆ ಇದರಿಂದ ಅಪಾಯವಿಲ್ಲ.

ಅಳತೆ ಆರಿಸುವಾಗ ಬಾಲದ ಅಗಲವನ್ನಲ್ಲ, ಸುತ್ತಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 10 ಮಿ.ಮೀ ಅಗಲ, 0.6 ಮಿ.ಮೀ ದಪ್ಪದ ಬಾಲದ ಸುತ್ತಳತೆ 21.2 ಮಿ.ಮೀ. ಇದನ್ನು 3.14ರಿಂದ ಭಾಗಿಸಿದರೆ ಸುಮಾರು 6.8 ಬರುವುದರಿಂದ 8 ಮಿ.ಮೀ ಕೊಳವೆ ಸಾಕು. ಬರಿಯ ಕೊಳವೆ ಹಿಡಿಯನ್ನು ಹೆಚ್ಚು ದಪ್ಪಗೊಳಿಸುವುದಿಲ್ಲ. ಅದಕ್ಕಾಗಿ ಬಾಲದ ಎರಡೂ ಬದಿಗೆ ಐಸ್ ಕ್ಯಾಂಡಿಯ ಕಡ್ಡಿಯನ್ನೋ ಬಿದಿರಿನ ಸೀಳನ್ನೋ ಇಟ್ಟು, ಅದರ ಮೇಲೆ ಕೊಳವೆ ತೊಡಿಸುವ ಪದ್ಧತಿ ಬಂದಿದೆ. ಕ್ಯಾಂಡಿ ಕಡ್ಡಿಯ ಸಾಮಾನ್ಯ ಅಳತೆ 114 ಮಿ.ಮೀ ಉದ್ದ, 10 ಮಿ.ಮೀ ಅಗಲ, 2 ಮಿ.ಮೀ ದಪ್ಪ. ಎರಡು ಕಡ್ಡಿಯ ನಡುವೆ ಪಿಕ್ ಸೇರಿದಾಗ ದಪ್ಪ 4.6 ಮಿ.ಮೀ, ಸುತ್ತಳತೆ 29 ಮಿ.ಮೀ ಆಗುವುದರಿಂದ 12 ಮಿ.ಮೀ ಕೊಳವೆ ಬೇಕಾಗುತ್ತದೆ. ಕಡ್ಡಿಗಳ ಮುಂತುದಿಯನ್ನು ಮೊದಲೇ ಇಳಿಜಾರಾಗಿ ಉಜ್ಜಿಕೊಂಡರೆ ದಂಡದ ಕಡೆಗೆ ಹಿಡಿ ಮೆಲ್ಲನೆ ಸಣ್ಣದಾಗುತ್ತದೆ, ಬೆರಳು ಮುಂದಕ್ಕೆ ಸರಿಯಲು ಎಡೆಯಾಗುತ್ತದೆ. ಕೊಳವೆ ಉದ್ದದಲ್ಲೂ ಸ್ವಲ್ಪ ಕುಗ್ಗುವುದರಿಂದ ತುಸು ಉದ್ದವಾಗಿಯೇ ಕತ್ತರಿಸಬೇಕು. ಬಿಸಿಯನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಒಯ್ದರೆ ಒಳಗಿನ ಗಾಳಿ ಹೊರಹೋಗಿ ಗುಳ್ಳೆ ಏಳುವುದಿಲ್ಲ. ಒಳಮೈಗೆ ಅಂಟು ಬಳಿದ ಕೊಳವೆ ಸಿಕ್ಕರೆ ಹಿಡಿ ಎಂದಿಗೂ ಜಾರದು. ಗಟ್ಟಿ ಒಡಲು, ತೆಳು ಮೆದು ಹೊದಿಕೆ ಎರಡೂ ಅತಿ ಕಡಿಮೆ ಖರ್ಚಿನಲ್ಲಿ ಒದಗುವುದು ಇದರಲ್ಲೇ.

ಬಣ್ಣ ಬಣ್ಣದ ಕೊಳವೆಗಳಿಂದ ಇನ್ನೊಂದು ಅನುಕೂಲವಿದೆ. ಬೇರೆ ಬೇರೆ ದಪ್ಪದ ಪಿಕ್‌ಗಳಿಗೆ ಬೇರೆ ಬಣ್ಣ ಕೊಟ್ಟರೆ ಚೀಲದಿಂದ ನೋಡಿದೊಡನೆ ಎತ್ತಿಕೊಳ್ಳಬಹುದು.

ಪಟ್ಟಿ ಹಿಡಿ. ಚಾಕುವಿನ ಹಿಡಿಯಂತೆ ಬಾಲದ ಎರಡೂ ಮೈಗೆ ಗಟ್ಟಿ ಪಟ್ಟಿಗಳನ್ನು ಅಂಟಿಸಿ ರಿವೆಟ್ ಹೊಡೆಯುವ ಬಗೆ. ತೇಗ, ಬೀಟೆ, ಬಿದಿರು, ಹಳೆಯ ಸ್ವಿಚ್ ಬೋರ್ಡಿನ ಹೈಲಂ ಶೀಟು, ಅಕ್ರಿಲಿಕ್ ಇವೆಲ್ಲ ಬಳಕೆಯಲ್ಲಿವೆ. ಹಳೆಯ ಜೀನ್ಸ್ ಬಟ್ಟೆಯ ಪದರಗಳನ್ನು ಎಪಾಕ್ಸಿಯಲ್ಲಿ ನೆನೆಸಿ, ಹಲಗೆಗಳ ನಡುವೆ ಬಿಗಿಹಿಡಿದು ಒಣಗಿಸಿದರೆ ಮನೆಯಲ್ಲೇ ಹೈಲಂನಂಥ ಗಟ್ಟಿ ಹಲಗೆ ಸಿದ್ಧವಾಗುತ್ತದೆ. ರಿವೆಟ್ಟಿಗೆ 2ರಿಂದ 3 ಮಿ.ಮೀ ಹಿತ್ತಾಳೆ ಸಲಾಕೆಯ ತುಂಡು ಸಾಕು. ತೂತಿಗಿಂತ ಎರಡೂ ಕಡೆ ತುಸು ಹೊರಚಾಚುವಂತೆ ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ತಲೆ ಅರಳಿಸಬೇಕು. ಜೋರಾಗಿ ಹೊಡೆದರೆ ಮರ ಸೀಳುತ್ತದೆ. ಸಮಯ ಹಿಡಿದರೂ ಅದಿರನ್ನು ಬೆರಳಿಗೆ ಮುಟ್ಟಿಸುವುದರಲ್ಲಿ, ಬಾಳಿಕೆಯಲ್ಲಿ ಸ್ವನಿರ್ಮಿತ ಹಿಡಿಗಳಲ್ಲಿ ಇದಕ್ಕೆ ಸಾಟಿಯಿಲ್ಲ.

ಅಚ್ಚು ಹಿಡಿ. ಎಂ-ಸೀಲ್‌ನಂಥ ಎಪಾಕ್ಸಿ ಕಣಕವನ್ನು ಬಾಲದ ಮೇಲೆ ಮೆತ್ತಿ ಕೈಯ ಆಕಾರಕ್ಕೆ ತರುವುದು. ರಾಳ, ಗಟ್ಟಿಕಾರಕ ಎರಡನ್ನೂ ಗೆರೆಗೆರೆ ಕಾಣದೆ ಒಂದೇ ಬಣ್ಣ ಬರುವವರೆಗೆ ನಾದಬೇಕು. ನಾದುವುದು ಕಡಿಮೆಯಾದರೆ ಅಲ್ಲಲ್ಲಿ ಹಸಿಯಾಗಿ ಉಳಿಯುತ್ತದೆ. ಬೆರಳನ್ನು ನೀರಿನಲ್ಲಿ ಅದ್ದಿಕೊಂಡರೆ ಕಣಕ ಅಂಟದೆ ಮೈ ನುಣುಪಾಗುತ್ತದೆ. ಚರ್ಮಕ್ಕೆ ಎಪಾಕ್ಸಿ ಆಗದವರು ಕೈಗವಸು ಹಾಕಿಕೊಳ್ಳಬೇಕು. ಒಂದು ರಾತ್ರಿ ಬಿಟ್ಟು ಮರಳು ಕಾಗದದಿಂದ ತಿದ್ದಬಹುದು. ತೆಳುವಾಗಿ ಮೆತ್ತಿದರೆ ಬಿದ್ದಾಗ ಬಿರುಕು ಬಿಡುವುದು ಇದರ ಕೊರತೆ. ಇದೇ ವರ್ಗಕ್ಕೆ ಸೇರುವ ಸುಗ್ರು ಎಂಬ ಸಿಲಿಕೋನ್ ಕಣಕವನ್ನು ಐರ್‌ಲ್ಯಾಂಡ್ ಮೂಲದ ಜೇನ್ ನೀ ಗುಲ್‌ಕ್ವೀಂಟಿಗ್ ರೂಪಿಸಿ 2009ರಲ್ಲಿ ಮಾರುಕಟ್ಟೆಗೆ ತಂದರು. ಗಾಳಿಯ ತೇವದಿಂದ ಸುಮಾರು 24 ಗಂಟೆಯಲ್ಲಿ ರಬ್ಬರಾಗುವ ಅದು ಕೈಗೆ ಬಹಳ ಹಿತ. ಆದರೆ ದಪ್ಪವಾಗಿ ಹಾಕಿದರೆ ಅದಿರನ್ನು ನುಂಗುತ್ತದೆ.

ಅದ್ದಿದ ಹಿಡಿ. ಇಕ್ಕಳದ ಹಿಡಿಯ ಮೇಲೆ ಕಾಣುವಂಥ ಪ್ಲಾಸ್ಟಿಕ್ ಪದರ. ಕಾರ್ಖಾನೆಗಳಲ್ಲಿ ಕಾಯಿಸಿದ ಉಪಕರಣವನ್ನು ದ್ರವ ಪಿವಿಸಿಯಲ್ಲಿ ಅದ್ದಿ ಬೇಯಿಸುತ್ತಾರೆ. ಮನೆಯ ಕೆಲಸಕ್ಕೆ ಗಾಳಿಯಲ್ಲೇ ಒಣಗುವ ದ್ರವ ರಬ್ಬರನ್ನು ಎರಡು ಮೂರು ಬಾರಿ ಅದ್ದುವುದು ವಾಡಿಕೆ. ಟೆನ್ಷನ್ ರೆಂಚಿನ ತುದಿಗೆ ಇದು ಹೊಂದುತ್ತದೆ.

ಗೂಡು ಹಿಡಿ. ಬಾಲವನ್ನು ಟೊಳ್ಳು ಹಿಡಿಯೊಳಗೆ ತೂರಿಸುವ ಬಗೆ. ಹಳೆಯ ಟೂತ್ ಬ್ರಷ್ಷಿನ ಹಿಡಿ, ಬಿದಿರಿನ ಕಡ್ಡಿ, ಖಾಲಿ ಪೆನ್ನಿನ ಕೊಳವೆ ಇದಕ್ಕೆ ಬಳಕೆಯಾಗುತ್ತವೆ. ಒಳಗಿನ ಟೊಳ್ಳನ್ನು ಅರಾಲ್ಡೈಟ್ ತುಂಬಿ ಮುಚ್ಚದಿದ್ದರೆ ಪಿಕ್ ಒಳಗೇ ಕುಲುಕುತ್ತದೆ. ಅಕ್ಕಸಾಲಿಗಳು ತಮ್ಮ ಸಣ್ಣ ಉಳಿಗಳನ್ನು ಹಿಡಿಗೆ ಕೂರಿಸಲು ಬಳಸುವ ಅರಗು ಇದಕ್ಕೂ ಆಗುತ್ತದೆ. ಕಾಯಿಸಿದರೆ ಮೆತ್ತಗಾಗಿ, ತಣಿದರೆ ಗಟ್ಟಿಯಾಗುವ ಅರಗಿನಿಂದ ಮೊನೆ ಮುರಿದ ಪಿಕ್ಕನ್ನು ಕಿತ್ತು ಬೇರೆಯದನ್ನು ಅದೇ ಹಿಡಿಗೆ ಕೂರಿಸಬಹುದು. ಇನ್ನೂ ಅನುಕೂಲವಾದದ್ದು ಪಿನ್ ವೈಸ್ ಎಂಬ ಸಣ್ಣ ಕೈ ಚಕ್. ಗಡಿಯಾರ ರಿಪೇರಿಯವರ ಬಳಿ ಇರುವ ಇದರ ಬಾಯಿ ತಿರುಗಿಸಿ ಬಿಗಿದರೆ ಒಂದೇ ಹಿಡಿಗೆ ಹಲವು ಬಿಡಿ ಪಿಕ್‌ಗಳು ಸರದಿಯಲ್ಲಿ ಹೊಂದುತ್ತವೆ. ಬಾಲವನ್ನು ಇದಕ್ಕೆ ತಕ್ಕಂತೆ ಸಪೂರವಾಗಿ ಉಜ್ಜಿಕೊಂಡಿರಬೇಕು.

ಟೆನ್ಷನ್ ರೆಂಚಿನ ಹಿಡಿ

ಟೆನ್ಷನ್ ರೆಂಚಿಗೆ ದಪ್ಪ ಹಿಡಿ ಹಾಕುವುದು ವಿರಳ, ಹಾಕದಿರುವುದೇ ಸರಿ ಕೂಡ. ಅದರ ಮೇಲೆ ಬೀಳಬೇಕಾದ ಒತ್ತು ಬೆರಳ ತುದಿಯ ಭಾರದಷ್ಟು. ಹಿಡಿ ದೊಡ್ಡದಾದರೆ ಕೈ ತಾನಾಗಿ ಹೆಚ್ಚು ಬಲ ಹಾಕುತ್ತದೆ, ಪಿನ್ನುಗಳು ಸಿಕ್ಕಿಬೀಳುತ್ತವೆ. ಬೆರಳು ತಾಗುವ ತುದಿಗೆ ಒಂದು ಪದರ ಕುಗ್ಗುವ ಕೊಳವೆ ಹಾಕುವುದಷ್ಟೇ ರೂಢಿ.

ಬಳಕೆ ಮತ್ತು ಕಾನೂನು

ಹಿಡಿ ಹಾಕಿದ ಬಿಡಿ ಪಿಕ್‌ಗಳನ್ನು ಬೀಗ ರಿಪೇರಿಯವರು, ಬೀಗ ಪರೀಕ್ಷಿಸುವ ಭದ್ರತಾ ತಜ್ಞರು, ಹವ್ಯಾಸಿಗಳು ಬಳಸುತ್ತಾರೆ. ತನ್ನದಲ್ಲದ ಬೀಗವನ್ನು ಒಡೆಯರ ಅನುಮತಿಯಿಲ್ಲದೆ ತೆರೆಯಬಾರದು, ಬಾಗಿಲಿನಲ್ಲಿ ಬಳಕೆಯಲ್ಲಿರುವ ಬೀಗವನ್ನು ಅಭ್ಯಾಸಕ್ಕೆ ಬಳಸಬಾರದು ಎಂಬ ಎರಡು ನಿಯಮಗಳನ್ನು ಹವ್ಯಾಸಿ ಸಂಘಗಳು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಎರಡನೆಯದಕ್ಕೆ ತಾಂತ್ರಿಕ ಕಾರಣವೂ ಇದೆ: ಮೊನೆ ಒಳಗೆ ಮುರಿದರೆ ಬೀಗ ಕೆಟ್ಟು ಮನೆಯವರೇ ಹೊರಗುಳಿಯಬೇಕಾಗುತ್ತದೆ.

ಜಪಾನಿನಲ್ಲಿ 2003ರ ವಿಶೇಷ ಕಾಯ್ದೆ ಸಕಾರಣವಿಲ್ಲದೆ ಇಂಥ ಉಪಕರಣಗಳನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಳ್ಳತನ ಕಾಯ್ದೆಯ 25ನೆಯ ಕಲಮಿನಂತೆ, ಕಳವಿಗೆ ಬಳಸಲೆಂದು ಸಲಕರಣೆಯನ್ನು ಮನೆಯಿಂದ ಹೊರಗೆ ಒಯ್ಯುವುದು ಅಪರಾಧ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಬಹುಪಾಲು ಕಡೆ ಅಪರಾಧದ ಉದ್ದೇಶ ಸಾಬೀತಾಗಬೇಕು.

ಈಗಿನ ಸ್ಥಿತಿ

ಮೂರು ಆಯಾಮದ ಮುದ್ರಣ ಯಂತ್ರಗಳು ಮನೆಗಳಿಗೆ ಬಂದ ಮೇಲೆ ಸ್ವನಿರ್ಮಿತ ಹಿಡಿಗೆ ಹೊಸ ದಾರಿ ತೆರೆದಿದೆ. ಬಾಲದ ಅಚ್ಚಿಗೆ ಸರಿಯಾಗಿ ಕೂರುವ ಎರಡು ಹೋಳುಗಳನ್ನು ಮುದ್ರಿಸಿ ಸಣ್ಣ ತಿರುಪಿನಿಂದ ಬಿಗಿಯುವ ವಿನ್ಯಾಸ ಹೆಚ್ಚು ಪ್ರಚಾರದಲ್ಲಿದೆ. ಪಿಕ್ ಮುರಿದರೆ ಹೋಳು ಬಿಚ್ಚಿ ಬದಲಾಯಿಸಬಹುದು. ಪದರಗಳು ಹಿಡಿಯ ಉದ್ದಕ್ಕೆ ಸಾಗುವಂತೆ ಮುದ್ರಿಸಿದರೆ ಗಟ್ಟಿ, ಅಡ್ಡಲಾಗಿ ಬಂದರೆ ಪದರದ ನಡುವೆ ಮುರಿಯುತ್ತದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಹಿಡಿ ಸೊಟ್ಟಗಾಗುತ್ತದೆ. ಪಿಇಟಿಜಿ ಈ ವಿಷಯದಲ್ಲಿ ಮೇಲು. ತಯಾರಕರೂ ಈಗ ಪಿಕ್‌ಗಳನ್ನು ಹಿಡಿಯೊಂದಿಗೆ, ಹಿಡಿಯಿಲ್ಲದೆ ಎರಡು ರೀತಿಯಲ್ಲೂ ಮಾರುತ್ತಿದ್ದಾರೆ. ಹಿಡಿಯಿಲ್ಲದ್ದನ್ನು ಕೊಂಡು ತನ್ನ ಕೈಯ ಅಳತೆಗೆ ತಾನೇ ಹಿಡಿ ಮಾಡಿಕೊಳ್ಳುವವರಲ್ಲಿ ಕುಗ್ಗುವ ಕೊಳವೆಯೇ ಈಗಲೂ ಹೆಚ್ಚು ಬಳಕೆಯ ಸಾಮಗ್ರಿ.